ಇಳಿಜಾರು ನೋಡಿ ನಿಲ್ಲಿಸುತ್ತಿದ್ದ ಜೀಪು

ಜೀಪು ಓಡಿಸುವುದನ್ನು ನನಗೆ ಕಲಿಸಿದವರು ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಅದು ಬರೀ ಬಾಯಿಮಾತಾಗಿರಲಿಲ್ಲ. ನನಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ. ಹೊಳಲ್ಕೆರೆಯಲ್ಲಿ ನಡೆದ ನನ್ನ ಮದುವೆಯಲ್ಲಿ ಅಣ್ಣನಾದವನು ನಿಂತು ಮಾಡಬೇಕಾದ ಶಾಸ್ತ್ರಗಳಿಗೆಲ್ಲ ಅವರೇ ಬಂದು ನಿಂತಿದ್ದರು.

ಪಶು ಇಲಾಖೆಯ ಕೆಲಸಕ್ಕೆ ಸೇರಿ ಹಿರಿಯೂರು ತಾಲೂಕಿಗೆ ಬಂದ ಹೊಸದರಲ್ಲಿ ನನಗೆ ಕುರಿಯ ಬಾಯಿ ಬಿಡಿಸಿ ಔಷಧ ಹಾಕುವುದೂ ಸರಿಯಾಗಿ ಬರುತ್ತಿರಲಿಲ್ಲ. ಅರ್ಧ ಕುರಿಯ ಗಂಟಲಿಗೆ ಹೋದರೆ ಅರ್ಧ ನನ್ನ ಸೀರೆಗೆ. ಅಣ್ಣ ನಗುತ್ತಿರಲಿಲ್ಲ. ನನ್ನ ಕೈಯ ಮೇಲೆ ಕೈಯಿಟ್ಟು, ದವಡೆಯನ್ನು ಎಲ್ಲಿ ಒತ್ತಬೇಕು, ತಲೆಯನ್ನು ಎಷ್ಟು ಎತ್ತಬೇಕು ಎಂದು ತೋರಿಸುತ್ತಿದ್ದರು. ಜ್ವರ ನೋಡುವ ಮುಂಚೆ ಕಿವಿ ಮುಟ್ಟು ಎನ್ನುತ್ತಿದ್ದರು. ಹಸುವಾಗಲಿ, ಎಮ್ಮೆಯಾಗಲಿ, ಮೊದಲು ಅದರ ಹತ್ತಿರ ಸುಮ್ಮನೆ ಒಂದು ನಿಮಿಷ ನಿಲ್ಲು, ಆಮೇಲೆ ಕೈಹಾಕು ಎನ್ನುತ್ತಿದ್ದರು. ಇವತ್ತಿಗೂ ನಾನು ಮಾಡುವುದು ಹಾಗೆಯೇ.

ಅವರ ಹತ್ತಿರ ಒಂದು ಹಳೆಯ ಡೀಸೆಲ್ ಜೀಪಿತ್ತು. ಇಲಾಖೆಯದಲ್ಲ, ಸ್ವಂತದ್ದು. ಹಿಂದೆ ಎದುರುಬದುರು ಎರಡು ಉದ್ದ ಸೀಟು, ಮೇಲೆ ಟಾರ್ಪಾಲಿನ ಹೊದಿಕೆ. ಲಸಿಕೆ ಹಾಕುವ ದಿನಗಳಲ್ಲಿ ಊರೂರಿಗೆ ಸಾರಿಕೊಂಡು ಹೋಗಲೆಂದು ಅದಕ್ಕೆ ಮೈಕು ಕಟ್ಟಿಸಿದ್ದರು. ಅವರು ಓಡಿಸುವುದು, ನಾನು ಪಕ್ಕದಲ್ಲಿ ಕೂತು ಕೂಗುವುದು. "ನಾಳೆ ಬೆಳಿಗ್ಗೆ ಏಳು ಗಂಟಿಗೆ ಊರ ಮುಂದೆ ಕಾಲುಬಾಯಿ ಜ್ವರಕ್ಕೆ ಲಸಿಕೆ ಹಾಕ್ತೀವಿ. ದನ, ಎಮ್ಮೆ, ಕರು ಎಲ್ಲಾ ಹಿಡ್ಕಂಡ್ ಬರ್ರಿ." ಆದಿವಾಲದಲ್ಲಿ ಮೊದಲ ಸಲ ಕೂಗಿದಾಗ ನನ್ನ ದನಿ ನಡುಗಿ, ಟೀ ಅಂಗಡಿಯ ಮುಂದೆ ಕೂತಿದ್ದವರೆಲ್ಲ ನಕ್ಕರು. ಅಣ್ಣ ಜೀಪು ನಿಲ್ಲಿಸಿ, "ಇನ್ನೊಂದ್ಸಲ ಹೇಳಮ್ಮ, ಈ ಸಲ ಅವರನ್ನೇ ನೋಡ್ಕಂಡು ಹೇಳು" ಎಂದರು. ಹೇಳಿದೆ. ಯಾರೂ ನಗಲಿಲ್ಲ. ನೌಕರಿಯಲ್ಲಿ ನನಗೆ ಧೈರ್ಯ ಬಂದದ್ದು ಆ ಮೈಕಿನ ಮುಂದೆ. ಆಮೇಲೆ ಎಲ್ಲರ ಕೈಗೂ ಫೋನು ಬಂದು, ಊರಿಗೊಂದು ವಾಟ್ಸ್ಯಾಪ್ ಗುಂಪಾಗಿ, ಮೈಕಿನ ಕೆಲಸ ನಿಂತಿತು. ಜೀಪಿನ ಮೇಲೆ ಕಟ್ಟಿಸಿದ್ದ ಮೈಕಿನ ಹಾರ್ನನ್ನು ಅವರು ಬಿಚ್ಚಿಸಿದರು.

ಓಡಿಸಲು ಕಲಿಸುವಾಗ ಅವರು ಹೇಳಿಕೊಟ್ಟ ಎರಡು ಮಾತುಗಳು ನನ್ನ ತಲೆಯಲ್ಲಿ ಉಳಿದುಬಿಟ್ಟಿದ್ದವು. ಒಂದು, ಗಾಡಿಯನ್ನು ಯಾವಾಗಲೂ ಇಳಿಜಾರು ನೋಡಿ ನಿಲ್ಲಿಸಬೇಕು. ಇನ್ನೊಂದು, ಒಂದು ದಿನವೂ ಬಿಡದೆ ಓಡಿಸಬೇಕು. ಯಾವ ಊರಿಗೆ ಹೋದರೂ ಅಣ್ಣ ಮೊದಲು ನೆಲ ನೋಡುತ್ತಿದ್ದರು. ದಿಬ್ಬವೋ, ಕೆರೆ ಏರಿಯೋ, ಕೊನೆಗೆ ಯಾರದಾದರೂ ಮನೆಯ ಮುಂದಿನ ಸಣ್ಣ ಏರೋ ಹುಡುಕಿ, ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ಹೊರಡುವಾಗ ಕಲ್ಲು ತೆಗೆದು, ಜೀಪು ತಾನೇ ಉರುಳುವಾಗ ಗೇರಿಗೆ ಹಾಕಿದರೆ ಎಂಜಿನ್ನು ಎದ್ದುಬಿಡುತ್ತಿತ್ತು. "ಚಾವಿ ತಿರುವಿ ಬ್ಯಾಟ್ರಿ ಯಾಕ್ ಸವೆಸ್ಬೇಕು?" ಎನ್ನುತ್ತಿದ್ದರು. ದಿನಾ ಸಂಜೆ ಜೀಪು ನಿಲ್ಲಿಸಿದ ಮೇಲೆ ಬಾನೆಟ್ ಎತ್ತಿ ಒಳಗೆ ಒಂದು ಸಲ ಕೈಯಾಡಿಸುತ್ತಿದ್ದರು. ಏನಣ್ಣ ಎಂದರೆ, "ಎಣ್ಣೆ ನೋಡ್ತೀನಮ್ಮ" ಎಂದು ಬಾನೆಟ್ ಮುಚ್ಚುತ್ತಿದ್ದರು. ಎಂಥ ಶಿಸ್ತು ಎಂದುಕೊಂಡಿದ್ದೆ. ನಮ್ಮ ಮನೆಯವರಿಗೆ, "ನೀವು ಬೈಕಿನ ಎಣ್ಣೆ ಯಾವತ್ತಾದ್ರೂ ನೋಡಿದೀರಾ?" ಎಂದು ಹೇಳಿ ತೋರಿಸಿದ್ದೂ ಉಂಟು.

ಅಣ್ಣ ನಿವೃತ್ತರಾದರು. ಹೆಂಡತಿಯ ಊರಾದ ಹೊಸದುರ್ಗದಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ಹೋಗುವ ಮುಂಚೆ ನನ್ನನ್ನು ಕರೆದು, "ಈ ಜೀಪ್ನ ಯಾರಿಗೂ ಕೊಡಾಕೆ ಮನಸ್ಸಿಲ್ಲ ತಂಗಿ. ನೀನಾದ್ರೆ ಮನೆ ಮಗೂನಂಗೆ ನೋಡ್ಕಂತೀಯ" ಎಂದರು. ನನಗೆ ಆಗ ಹರಿಯಬ್ಬೆ ಕಡೆಯ ಒಂದು ಸಣ್ಣ ಕೇಂದ್ರದ ಜವಾಬ್ದಾರಿ ಬಂದಿತ್ತು. ಅದರ ಸುತ್ತಲಿನ ಹಟ್ಟಿಗಳಿಗೆ, ಕುರಿ ಮಂದೆಗಳಿಗೆ ಬಸ್ಸು ಹಿಡಿದು ಹೋಗುವಂತಿರಲಿಲ್ಲ. ಅವರು ಹೇಳಿದ ಬೆಲೆಗೆ ಒಂದು ಮಾತಾಡದೆ ಜೀಪು ತೆಗೆದುಕೊಂಡೆ. ಚಾವಿಯನ್ನು ಅವರ ಹೆಂಡತಿ ಕುಂಕುಮ ಹಚ್ಚಿ ಕೊಟ್ಟರು. ನನಗೆ ಕಣ್ಣಲ್ಲಿ ನೀರು ಬಂತು.

ಮೊದಲ ವಾರ ಏನೂ ಆಗಲಿಲ್ಲ, ದಿನಾ ಓಡಿಸುತ್ತಿದ್ದೆ. ಎರಡನೆಯ ವಾರ ಶನಿವಾರ, ಭಾನುವಾರ ಗಾಡಿ ತೆಗೆಯಲಿಲ್ಲ. ಸೋಮವಾರ ಬೆಳಿಗ್ಗೆ ಚಾವಿ ತಿರುವಿದರೆ ಎಂಜಿನ್ನು ಮುದುಕರು ಕೆಮ್ಮಿದಂತೆ ಎರಡು ಸಲ ಉಸಿರೆಳೆದು ಸುಮ್ಮನಾಯಿತು. ಹಿರಿಯೂರಿನಲ್ಲಿ ನಮ್ಮ ಬೀದಿ ಅಂಗೈಯಂತೆ ಸಮ. ಅಕ್ಕಪಕ್ಕದವರು ತಳ್ಳಿಕೊಟ್ಟರು. ಅಣ್ಣನಿಗೆ ಫೋನು ಮಾಡಿದೆ.

"ಲೈಟ್ ಹಾಕಿ ಮರ್ತಿರ್ತೀಯಮ್ಮ" ಎಂದರು.

"ಇಲ್ಲಣ್ಣ, ಹಗಲಲ್ಲೇ ಬಂದು ನಿಲ್ಸಿದ್ದು."

"ಒಳಗಿನ ದೀಪ ನೋಡಿದ್ಯಾ? ಬಾಗಿಲು ಸರಿಯಾಗಿ ಹಾಕಿರಲ್ಲ ನೀನು. ಹೆಣ್ಮಕ್ಳಿಗೆ ಮನೆ ಸೇರೋ ಅವಸರ ನೋಡು."

ಇರಬಹುದು ಎನಿಸಿತು. ಅವರ ಹತ್ತಿರ ಇದ್ದಷ್ಟು ದಿನ ಎಂದೂ ಕೆಟ್ಟು ನಿಲ್ಲದ ಗಾಡಿ ನನ್ನ ಕೈಗೆ ಬಂದ ಎರಡೇ ವಾರಕ್ಕೆ ನಿಂತಿತೆಂದರೆ ತಪ್ಪು ನನ್ನದೇ ತಾನೆ? ಅಂದಿನಿಂದ ಜೀಪು ನಿಲ್ಲಿಸಿದ ಮೇಲೆ ಸುತ್ತ ಒಂದು ಪ್ರದಕ್ಷಿಣೆ ಹಾಕತೊಡಗಿದೆ. ಮುಂದಿನ ದೀಪ, ಹಿಂದಿನ ದೀಪ, ಒಳಗಿನ ದೀಪ, ಬಾಗಿಲು. ಮನೆಯೊಳಗೆ ಹೋಗಿ ಕಾಲು ತೊಳೆದವಳು ಮತ್ತೆ ಹೊರಗೆ ಬಂದು ನೋಡುತ್ತಿದ್ದೆ. ನಮ್ಮ ಮನೆಯವರು, "ಹಂಗೇ ಗ್ಯಾಸೂ ಆರ್ಸಿದ್ಯಾ ನೋಡು" ಎಂದು ನಗಾಡುತ್ತಿದ್ದರು. ಮೊದಮೊದಲು ನಾನೂ ನಗುತ್ತಿದ್ದೆ. ಆಮೇಲಾಮೇಲೆ ನಿಜವಾಗಿಯೂ ಗ್ಯಾಸು ನೋಡಲು ಹೋಗುತ್ತಿದ್ದೆ. ಔಷಧದ ಲೆಕ್ಕವನ್ನು ಎರಡೆರಡು ಸಲ ಓದುತ್ತಿದ್ದೆ. ನಲವತ್ತೆರಡಕ್ಕೇ ನನಗೆ ಮರೆವು ಶುರುವಾಯಿತೇನೋ ಎಂದು ಹೆದರಿದ್ದೆ.

ಎರಡು ದಿನ ಸತತ ನಿಂತರೆ ಜೀಪು ಏಳುತ್ತಿರಲಿಲ್ಲ. ಬ್ಯಾಟರಿ ಅಂಗಡಿಯವನು ನೋಡಿ, ಬ್ಯಾಟರಿಯ ಆಯಸ್ಸು ಮುಗಿದಿದೆ ಎಂದ. ಹೊಸದು ಹಾಕಿಸಿದೆ. ತಿಂಗಳೊಳಗೆ ಅದೂ ಹಾಗೆಯೇ ಆಯಿತು. ಪ್ರತಿ ಸಲ ಅಣ್ಣನಿಗೆ ಫೋನು ಮಾಡುತ್ತಿದ್ದೆ. ಪ್ರತಿ ಸಲ ಅವರು ಬೇಸರಪಡದೆ, ಮಗುವಿಗೆ ಹೇಳುವಂತೆ, ನಾನು ಮರೆತಿರಬಹುದಾದ ಒಂದೊಂದನ್ನೂ ನೆನಪಿಸುತ್ತಿದ್ದರು. ಕೊನೆಯಲ್ಲಿ ಅದೇ ಮಾತು: "ಇಳಿಜಾರಿಗೆ ನಿಲ್ಸಮ್ಮ. ನಾನ್ ಹೇಳಿಕೊಟ್ಟಿಲ್ವಾ?"

ಆ ವರ್ಷ ಜೋಳದ ಕೊಯ್ಲು ಮುಗಿದ ಮೇಲೆ ಅಕಾಲದಲ್ಲಿ ಒಂದು ಮಳೆ ಬಂತು. ಕೊಯ್ದ ಹೊಲಗಳಲ್ಲಿ ಕೂಳೆ ಚಿಗುರಿ, ಹಸಿರಾಗಿ ಮೊಣಕಾಲೆತ್ತರ ಬಂತು. ನೋಡಲು ಚೆಂದ. ಆದರೆ ಆ ಎಳೆ ಚಿಗುರು ಕುರಿಗೆ ವಿಷ. ಹೊಟ್ಟೆ ತುಂಬ ತಿಂದರೆ ಉಸಿರು ಕಟ್ಟಿ, ಗಂಟೆಯೊಳಗೆ ಬೀಳುತ್ತವೆ. ಅದಕ್ಕೆ ಚುಚ್ಚುಮದ್ದಿದೆ, ಬೇಗ ಕೊಡಬೇಕು ಅಷ್ಟೇ.

ನಾನು ಐದು ದಿನ ಚಿತ್ರದುರ್ಗದಲ್ಲಿ ತರಬೇತಿಗೆ ಹೋಗಿದ್ದೆ. ಜೀಪನ್ನು ನಮ್ಮ ಕೇಂದ್ರದ ಅಂಗಳದಲ್ಲಿ ಬಿಟ್ಟಿದ್ದೆ. ಆ ಅಂಗಳದಲ್ಲಿ ಇಳಿಜಾರೆಂಬುದೇ ಇಲ್ಲ. ಆರನೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಕೇಂದ್ರಕ್ಕೆ ಬಂದು ಬಾಗಿಲು ತೆಗೆಸುತ್ತಿದ್ದಾಗಲೇ ಫೋನು ಬಂತು. ಹರಿಯಬ್ಬೆಯಾಚೆ ಮಂದೆ ಹಾಕಿಕೊಂಡಿದ್ದ ಕುರಿಗಾರ ದಂಪತಿಗಳಲ್ಲಿ ಹೆಂಡತಿ. ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಅವಳನ್ನು ಅಕ್ಕ ಎನ್ನುತ್ತೇನೆ.

"ಡಾಕ್ಟ್ರವ್ವ, ಬೇಗ ಬಾರವ್ವ. ಕುರಿ ಜೋಳದ ಕೂಳೆಗೆ ನುಗ್ಗ್ಯಾವೆ. ಎರಡು ಬಿದ್ವು. ಇನ್ನೊಂದು ನಡುಗ್ತಾ ಐತೆ."

"ಎಲ್ಲಾನೂ ಹೊಲದಿಂದ ಈಚೆಗೆ ಹೊಡೀರಿ ಅಕ್ಕ. ನಾನ್ ಬಂದೆ. ಕಾಲು ಗಂಟೆ."

ಮದ್ದು, ಸಿರಿಂಜು ಚೀಲಕ್ಕೆ ಹಾಕಿಕೊಂಡು ಓಡಿ ಹೋಗಿ ಚಾವಿ ತಿರುವಿದೆ. ಟಕ್ ಎಂದು ಒಂದೇ ಸದ್ದು. ಮತ್ತೆ ತಿರುವಿದೆ. ಆ ಸದ್ದೂ ಬರಲಿಲ್ಲ. ಅಂಗಳದ ಕಪ್ಪು ಮಣ್ಣು ಮಳೆಗೆ ನೆಂದು ಮೆತ್ತಗಾಗಿ ಚಕ್ರಗಳು ಎರಡು ಬೆರಳಷ್ಟು ಹೂತಿದ್ದವು. ನಮ್ಮ ಕೇಂದ್ರದ ಜವಾನ ವಯಸ್ಸಾದವರು. ಅವರೂ ನಾನೂ ಸೇರಿ ಭುಜ ಕೊಟ್ಟು ತಳ್ಳಿದೆವು. ಜೀಪು ಅಲುಗಾಡಲಿಲ್ಲ. ಊರಿನವರೆಲ್ಲ ಹೊಲಕ್ಕೆ ಹೋಗಿದ್ದ ಹೊತ್ತು. ರಸ್ತೆಗೆ ಓಡಿದೆ. ಎಷ್ಟೋ ಹೊತ್ತಿನ ಮೇಲೆ ಬೈಕಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಬಂದವನೊಬ್ಬ ಕ್ಯಾನುಗಳನ್ನು ಇಳಿಸಿಟ್ಟು ನನ್ನನ್ನು ಕೂರಿಸಿಕೊಂಡ. ದಾರಿಯಲ್ಲಿ ಫೋನು ಮೂರು ಸಲ ಬಡಿದುಕೊಂಡಿತು. ಎತ್ತಲಿಲ್ಲ. ಎತ್ತಿ ಹೇಳುವುದಾದರೂ ಏನು?

ನಾನು ತಲುಪುವ ಹೊತ್ತಿಗೆ ಒಂಬತ್ತು ಕುರಿಗಳು ಬದುವಿನುದ್ದಕ್ಕೆ ಸತ್ತು ಬಿದ್ದಿದ್ದವು. ಬಾಯಲ್ಲಿ ನೊರೆ, ಕಾಲು ಸೆಟೆದಿದ್ದವು. ನಡುಗುತ್ತಿದ್ದವಕ್ಕೆ ಒಂದರ ಹಿಂದೊಂದು ಮದ್ದು ಚುಚ್ಚುತ್ತಾ ಹೋದೆ. ನಾಲ್ಕು ಎದ್ದು ನಿಂತವು. ಎರಡು ನನ್ನ ಕೈಯಲ್ಲೇ ಹೋದವು. ಹನ್ನೊಂದಾಯಿತು. ಗಂಡ ದೂರದಲ್ಲಿ ಉಳಿದ ಮಂದೆಯನ್ನು ತಡೆದು ನಿಂತಿದ್ದ. ಅಕ್ಕ ಸತ್ತ ಒಂದು ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆ ಕುರಿಗೆ ಹೆರಿಗೆ ಮಾಡಿಸಿದ್ದು ನಾನೇ.

"ಕಾಲು ಗಂಟೆ ಅಂದ್ಯಲ್ಲವ್ವ" ಎಂದಳು. ಕೂಗಾಡಲಿಲ್ಲ. "ಕಾಲು ಗಂಟೆ ಅಂದೆ ಅಂತ ಬ್ಯಾರೆ ಯಾರಿಗೂ ಫೋನ್ ಮಾಡ್ಲಿಲ್ಲ ನಾನು."

ಜೀಪಿನ ಸುದ್ದಿ ಹೇಳದೆ ಸಿರಿಂಜುಗಳನ್ನು ಚೀಲಕ್ಕೆ ತುಂಬಿದೆ. ಆ ಹೊತ್ತಿನಲ್ಲೂ ಮನಸ್ಸಿನಲ್ಲಿ ಓಡುತ್ತಿದ್ದದ್ದು, ತರಬೇತಿಗೆ ಹೋಗುವಾಗ ನಾನು ಯಾವ ದೀಪ ಆರಿಸಲು ಮರೆತೆ ಎಂಬುದೇ.

ಮಾರನೆಯ ದಿನ ನಾಲ್ಕು ಜನ ಸೇರಿ ತಳ್ಳಿ ಎಬ್ಬಿಸಿದ ಜೀಪನ್ನು ನೇರ ಹಿರಿಯೂರಿಗೆ ತಂದು, ಹೆದ್ದಾರಿ ಪಕ್ಕದ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ನಿಲ್ಲಿಸಿದೆ. ಅರವತ್ತು ದಾಟಿದ, ದಪ್ಪ ಕನ್ನಡಕದ ಮನುಷ್ಯ. ಲಾರಿಗಳ ವೈರಿಂಗ್ ಮಾಡುವವರು. ನಾನು ಹೋದ ಕೂಡಲೇ, "ನನ್ನದೇ ತಪ್ಪು ಸರ್. ಏನೋ ಹಾಕಿ ಮರೀತೀನಿ. ಏನು ಅಂತ ಗೊತ್ತಾಗ್ತಿಲ್ಲ" ಎಂದೆ.

"ತಪ್ಪು ಯಾರ್ದು ಅಂತ ಗಾಡಿ ಹೇಳ್ತೈತೆ, ಕುಂತ್ಕಳ್ರಿ" ಎಂದು ಸ್ಟೂಲು ಕೊಟ್ಟರು.

ಎಲ್ಲ ದೀಪ ಆರಿಸಿ, ಬಾಗಿಲು ಹಾಕಿ, ಚಾವಿಯನ್ನು ನನ್ನ ಕೈಗೇ ಕೊಟ್ಟರು. ಆಮೇಲೆ ಬ್ಯಾಟರಿಯ ಮೈನಸ್ ಕಡೆಯ ಕೇಬಲ್ ಬಿಚ್ಚಿ, ಬಿಚ್ಚಿದ ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಒಂದು ಸಣ್ಣ ಬಲ್ಬು ಹಿಡಿದರು. ಬಲ್ಬು ಹತ್ತಿಕೊಂಡಿತು. ಚಾವಿ ನನ್ನ ಮುಷ್ಟಿಯಲ್ಲಿದೆ, ಗಾಡಿಯಲ್ಲಿ ಒಂದು ದೀಪವೂ ಉರಿಯುತ್ತಿಲ್ಲ, ಆದರೂ ಬಲ್ಬು ಉರಿಯುತ್ತಿದೆ.

"ನೋಡ್ರಿ. ನಿಂತ ಗಾಡೀಲಿ ಇದು ಉರೀಬಾರ್ದು. ನೀವು ಎಲ್ಲಾ ಆರ್ಸಿದ್ರೂ ಯಾವುದೋ ಒಂದು ಬ್ಯಾಟ್ರಿ ಕುಡೀತಾ ಐತೆ."

ಅಲ್ಲಿಂದ ಹುಡುಕಾಟ ಶುರು. ಬಲ್ಬಿನ ಜಾಗಕ್ಕೆ ಮೀಟರು ಬಂತು. ಒಂದು ಆಂಪಿಯರಿನ ಹತ್ತಿರ ತೋರಿಸುತ್ತಿತ್ತು. ಅವರು ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ ಹೋದರು. ಒಂದು ಕಿತ್ತು, "ಇಳೀತಾ?" ಎನ್ನುವುದು, ನಾನು ಮೀಟರು ನೋಡಿ "ಇಲ್ಲ" ಎನ್ನುವುದು. ಅದನ್ನು ಹಾಕಿ ಇನ್ನೊಂದು. ಫ್ಯೂಸುಗಳೆಲ್ಲ ಮುಗಿದರೂ ಮುಳ್ಳು ಅಲ್ಲೇ ಇತ್ತು. ಬ್ಯಾಟರಿಗೆ ಕರೆಂಟು ತುಂಬುವ ಡೈನಮೋದ ವೈರು ಬಿಚ್ಚಿದರು. ಆಗಲೂ ಇಳಿಯಲಿಲ್ಲ. ಅವರು ಕನ್ನಡಕವನ್ನು ಹಣೆಗೇರಿಸಿ ಬ್ಯಾಟರಿಯ ಸುತ್ತ ಬೆರಳಾಡಿಸಿದರು.

"ಇದು ಕಂಪನಿ ವೈರಲ್ಲ" ಎಂದರು. ಬ್ಯಾಟರಿಯ ಪ್ಲಸ್ ಕಡೆಯಿಂದ ನೇರವಾಗಿ ಹೊರಟ ಒಂದು ಕೆಂಪು ವೈರು. ಫ್ಯೂಸಿಲ್ಲ, ಏನಿಲ್ಲ. ಅದನ್ನು ಹಿಡಿದುಕೊಂಡು ಹೋದರು. ಎಂಜಿನ್ನಿನ ಹಿಂದಿನ ತಗಡಿನ ತೂತಿನಿಂದ ಒಳಗೆ, ನೆಲಹಾಸಿನ ಕೆಳಗೆ, ಅಲ್ಲಿಂದ ಹಿಂದಿನ ಎಡಗಡೆಯ ಸೀಟಿನ ಅಡಿಗೆ. ಆ ಸೀಟಿನ ಕೆಳಗೆ ತಗಡಿನದೊಂದು ಮುಚ್ಚಳ, ಅದರ ನಾಲ್ಕು ಬೋಲ್ಟುಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ಎಣ್ಣೆ ಬಿಟ್ಟು, ಕಾದು, ತಟ್ಟಿ, ಕೊನೆಗೆ ಎರಡನ್ನು ಕತ್ತರಿಸಿಯೇ ತೆಗೆಯಬೇಕಾಯಿತು. ಅರ್ಧ ಗಂಟೆಯ ಕೆಲಸ. ಮುಚ್ಚಳ ಎತ್ತಿ, "ಮುಟ್ಟಿ ನೋಡ್ರಿ" ಎಂದರು.

ಬಗ್ಗಿ ಕೈಯಿಟ್ಟೆ. ಬೆಚ್ಚಗಿತ್ತು. ಜ್ವರ ಬಂದ ಕುರಿಯ ಕಿವಿಯಷ್ಟು ಬೆಚ್ಚಗೆ. ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮ ಮೈಕಿನ ಆಂಪ್ಲಿಫೈಯರು, ದನಿ ದೊಡ್ಡದು ಮಾಡುವ ಪೆಟ್ಟಿಗೆ. ಹಾರ್ನಿನ ಜೊತೆಗೇ ಅದನ್ನೂ ಬಿಚ್ಚಿಸಿದ್ದಾರೆ ಎಂದುಕೊಂಡಿದ್ದೆ. ಅದರ ಗುಂಡಿಯ ಪಕ್ಕ ನಾನೇ ಅಂಟಿಸಿದ್ದ ಬಿಳಿ ಪಟ್ಟಿಯಲ್ಲಿ ನನ್ನ ಅಕ್ಷರದಲ್ಲಿ 'ದನಿ' ಎಂದು ಬರೆದದ್ದು ಇನ್ನೂ ಇತ್ತು. ಆರಿಸುವ ಸ್ವಿಚ್ಚು ಒಳಗೇ ಮುರಿದು ಅಂಟಿಕೊಂಡಿತ್ತು. ಹಾರ್ನು ಬಿಚ್ಚಿದ ದಿನದಿಂದಲೂ ಅದು ಕತ್ತಲಲ್ಲಿ ಕೂತು, ಯಾರೂ ಮಾತಾಡದ ಮೈಕಿಗಾಗಿ ಬ್ಯಾಟರಿಯನ್ನು ತಿನ್ನುತ್ತಿತ್ತು. ವೈರು ಬಿಚ್ಚಿದರು. ಮೀಟರಿನ ಮುಳ್ಳು ಸೊನ್ನೆಗೆ ಬಿತ್ತು.

ನನಗೆ ಮೊದಲು ಬಂದದ್ದು ಸಂತೋಷ. ನಾನು ಏನನ್ನೂ ಮರೆತಿರಲಿಲ್ಲ! ಅಣ್ಣನಿಗೆ ಈಗಲೇ ಫೋನು ಮಾಡಿ ಹೇಳಬೇಕು, ಪಾಪ ಅವರಿಗೂ ಗೊತ್ತಿರಲಿಕ್ಕಿಲ್ಲ ಎಂದು ಫೋನು ಕೈಗೆತ್ತಿಕೊಂಡಿದ್ದೆ. ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ಬಾನೆಟ್ ಹತ್ತಿರ ನಿಂತು, "ಈ ಗಾಡಿ ಯಾರ ಹತ್ರ ತಗಂಡ್ರಿ?" ಎಂದು ಕೇಳಿದರು.

"ನಮ್ಮಣ್ಣನ ಹತ್ರ. ಯಾಕೆ?"

ಬ್ಯಾಟರಿಯ ಪಕ್ಕದ ತಗಡನ್ನು ತೋರಿಸಿದರು. ಅಲ್ಲಿ ಎರಡು ತೂತುಗಳು, ಅವುಗಳ ಸುತ್ತ ಅಂಗೈಯ ಅರ್ಧದಷ್ಟು ಜಾಗದಲ್ಲಿ ಬಣ್ಣ ಹೊಸದರಂತೆ ಹೊಳೆಯುತ್ತಿತ್ತು. ಉಳಿದೆಲ್ಲ ಕಡೆ ಎಣ್ಣೆ, ಧೂಳು. ಮೈನಸ್ ಕೇಬಲ್ಲಿನ ನಡುವೆ ಒಂದು ಹೊಸ ಜೋಡಣೆ, ಅದರ ಮೇಲೆ ಹೊಸ ಟೇಪು.

"ಇಲ್ಲಿ ಬ್ಯಾಟ್ರಿ ಕಟ್ ಮಾಡೋ ಸ್ವಿಚ್ ಇತ್ತು ರೀ. ಗಾಡಿ ನಿಲ್ಸಿದ್ ಮೇಲೆ ಬಾನೆಟ್ ಎತ್ತಿ ಚಾವಿ ತಿರುವಿದ್ರೆ ಎಲ್ಲಾ ಬಂದ್. ಬಾಳ ವರ್ಷ ಇದ್ದಿದ್ದು. ಬಿಚ್ಚಿ ವರ್ಷಾನೂ ಆಗಿಲ್ಲ."

"ಅವರಿಗೆ ಗೊತ್ತಿರಲಿಕ್ಕಿಲ್ಲ" ಎಂದೆ.

ಅವರು ಕೈ ಒರೆಸಿಕೊಳ್ಳುತ್ತಾ, ನನ್ನ ಮುಖ ನೋಡದೆ ಹೇಳಿದರು: "ಗೊತ್ತಿಲ್ದೆ ಸ್ವಿಚ್ ಯಾಕ್ ಹಾಕ್ತಾರಮ್ಮ."

ದಿನಾ ಸಂಜೆ ಬಾನೆಟ್ ಎತ್ತಿ ನೋಡುತ್ತಿದ್ದ ಎಣ್ಣೆ! ನಾನು ಎಲೆಕ್ಟ್ರಿಷಿಯನ್ ಕೊಟ್ಟ ಸ್ಟೂಲಿನ ಮೇಲೆ ಮತ್ತೆ ಕೂತೆ. ಲಾರಿಗಳು ಹೋಗುತ್ತಲೇ ಇದ್ದವು. ಇಳಿಜಾರು, ಚಕ್ರಕ್ಕೆ ಕಲ್ಲು, ದಿನಾ ಓಡಿಸು ಎಂಬ ಉಪದೇಶ, ಎಲ್ಲವನ್ನೂ ನಾನು ಅನುಭವಸ್ಥರ ಪಾಠವೆಂದು ತಲೆಯ ಮೇಲೆ ಹೊತ್ತುಕೊಂಡಿದ್ದೆ. ಕೆಟ್ಟ ಗಾಡಿಯೊಂದನ್ನು ಕೆಟ್ಟಿದೆ ಎಂದು ತೋರದಂತೆ ನಡೆಸುವ ಉಪಾಯಗಳು ಅವು.

ಭಾನುವಾರ ಆ ಆಂಪ್ಲಿಫೈಯರನ್ನು ಚೀಲದಲ್ಲಿ ಹಾಕಿಕೊಂಡು ಹೊಸದುರ್ಗಕ್ಕೆ ಹೊರಟೆ. ಮಾರಿಕಣಿವೆ ದಾಟುವಾಗ ವಾಪಸು ತಿರುಗಿಬಿಡಲೇ ಎನಿಸಿತು. ಜಗಳವಾಡಲು ಹೋಗುತ್ತಿರಲಿಲ್ಲ ನಾನು. ಅವರು ಏನಾದರೂ ಹೇಳಿ, ಅದು ನಿಜವಾಗಿರಲಿ ಎಂದು ಹೋಗುತ್ತಿದ್ದೆ.

"ಏನ್ ತಂಗಿ, ಫೋನೂ ಮಾಡ್ದೆ ಬಂದ್ಬಿಟ್ಟೆ! ಬಾ ಬಾ, ಕುಂತ್ಕ" ಎಂದು ಅಣ್ಣ ಬಾಗಿಲಿಗೇ ಬಂದರು. ಒಳಗೆ ಹೋಗಿ ಆಂಪ್ಲಿಫೈಯರನ್ನು ಟೀಪಾಯಿಯ ಮೇಲಿಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು.

"ಇದ್ ಎಲ್ಲಿತ್ತಮ್ಮ?"

"ನಿಮಗೆ ಗೊತ್ತಿಲ್ವಾ ಅಣ್ಣ?"

"ಸೀಟಿನ ಕೆಳಗೆ ಉಳ್ಕಂಡಿತ್ತೇನೋ. ಮರ್ತೇಹೋಗಿತ್ತು ನೋಡು."

"ಉರೀತಾ ಇತ್ತು. ಬ್ಯಾಟ್ರಿ ತಿಂತಾ ಇದ್ದದ್ದು ಇದೇ."

"ಹೌದಾ? ನಂಗ್ ಗೊತ್ತೇ ಇಲ್ಲಲ್ಲ."

ಆಗ ಅತ್ತಿಗೆ ಟೀ ಹಿಡಿದುಕೊಂಡು ಬಂದರು. ಟೀಪಾಯಿಯ ಮೇಲಿನದನ್ನು ನೋಡಿ ಅವರ ಮುಖ ಅರಳಿತು. "ಅಯ್ಯೋ, ಆ ಬ್ಯಾಟ್ರಿ ತಿನ್ನೋ ಡಬ್ಬಿ ಅಲ್ವಾ ಇದು? ಇದ್ರ ದೆಸೆಯಿಂದ ದಿನಾ ಬಾನೆಟ್ ಎತ್ತಿ ಆ ಕೆಂಪು ಚಾವಿ ತಿರುವೋದೇ ಆಗಿತ್ತು ಇವ್ರಿಗೆ. ಶನಿವಾರ ಮರ್ತ್ರೆ ಸೋಮವಾರ ಬೆಳಿಗ್ಗೆ ನಾವೆಲ್ಲ ಎದ್ದು ತಳ್ಬೇಕಿತ್ತು ನೋಡು!" ಎಂದು ನಕ್ಕರು. ನಾವಿಬ್ಬರೂ ನಗದೆ ಇದ್ದದ್ದು ನೋಡಿ ಅವರ ನಗು ನಿಂತಿತು.

"ನೀನ್ ಒಳಗ್ ಹೋಗು" ಎಂದರು ಅಣ್ಣ. ಅತ್ತಿಗೆ ಹೋದರು.

"ಸ್ವಿಚ್ ಯಾಕ್ ಬಿಚ್ಚಿದ್ರಿ ಅಣ್ಣ?"

ಅವರು ಟೀ ಲೋಟವನ್ನು ಅತ್ತ ಸರಿಸಿದರು. "ಅದನ್ನ ನೋಡಿದ್ರೆ ಇದೇನು ಅಂತ ಕೇಳ್ತಿದ್ದೆ ನೀನು. ಹೇಳಿದ್ರೆ ಗಾಡಿ ತಗಂತಿರಲಿಲ್ಲ."

"ತಗಂತಿದ್ದೆ. ಈ ಡಬ್ಬಿ ತೆಗ್ಸಿ ತಗಂತಿದ್ದೆ. ಅರ್ಧ ಗಂಟೆ ಕೆಲಸ ಅದು."

"ಬೋಲ್ಟ್ ತುಕ್ಕು ಹಿಡ್ದಿದ್ವಮ್ಮ. ಅದ್ರ ವೈರ್ ಯಾವ್ದು ಅಂತ ನಂಗ್ ಗೊತ್ತಾಗ್ಲಿಲ್ಲ. ಕೈಹಾಕಿದ್ರೆ ತಗಡೆಲ್ಲ ಕಿತ್ತು ಬರ್ತೈತೆ ಅಂತ ಬಿಟ್ಟಿದ್ದೆ. ಅಷ್ಟು ವರ್ಷ ನಡೀತು, ನಿಂಗೂ ನಡೀತೈತೆ ಅನ್ಕಂಡೆ."

"ನಂಗೆ ಒಂದ್ ಮಾತು ಹೇಳ್ಬಹುದಿತ್ತಲ್ಲ."

"ಹೇಳಿಲ್ವಾ?" ಅವರ ದನಿ ಏರಿತು. "ಇಳಿಜಾರಿಗೆ ನಿಲ್ಸು ಅಂದೆ. ದಿನಾ ಓಡ್ಸು ಅಂದೆ. ಇನ್ನೆಂಗ್ ಹೇಳ್ಬೇಕಿತ್ತು?"

"ಲೈಟ್ ಹಾಕಿ ಮರೀತೀಯ ಅಂದ್ರಿ. ಬಾಗಿಲು ಹಾಕಲ್ಲ ಅಂದ್ರಿ. ನಂಗೆ ತಲೆ ಕೆಟ್ಟೈತೇನೋ ಅನ್ಕಂಡಿದ್ದೆ ಅಣ್ಣ."

ಅವರು ಕಿಟಕಿಯ ಕಡೆ ನೋಡುತ್ತಾ, "ಒಂದೊಂದ್ಸಲ ಮರೀತಿದ್ದೆಯಲ್ಲ ನೀನೂ" ಎಂದರು.

ಹನ್ನೊಂದು ಕುರಿ ಸತ್ತ ಸುದ್ದಿಯನ್ನು ನಾನು ಹೇಳಬಾರದೆಂದೇ ಬಂದಿದ್ದೆ. ಆ ಮಾತು ಕೇಳಿದ ಮೇಲೆ ಹೇಳಿದೆ. ಬದುವಿನ ಮೇಲೆ ಬಿದ್ದದ್ದು, ಅಕ್ಕ ಕೂತಿದ್ದದ್ದು, ಕಾಲು ಗಂಟೆ ಎಂದು ನಾನು ಮಾತು ಕೊಟ್ಟದ್ದು. ಅಣ್ಣ ತಲೆಯಾಡಿಸಿದರು. "ಜೋಳದ ಕೂಳೆ ತಿಂದ ಕುರಿ ಹೆಂಗೂ ಉಳಿಯಲ್ಲಮ್ಮ. ನೀನು ಮೊದ್ಲೇ ಹೋಗಿದ್ರೂ ಅಷ್ಟೇ ಆಗ್ತಿತ್ತು."

ಹಾಗಲ್ಲವೆಂದು ನನಗೆ ಕಲಿಸಿದ್ದೇ ಅವರು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಆದಿವಾಲದ ಹತ್ತಿರ ಇಂಥದೇ ಒಂದು ಮಂದೆಗೆ ಅದೇ ಜೀಪಿನಲ್ಲಿ ನನ್ನನ್ನು ಕರೆದುಕೊಂಡು ಹೋಗಿ, ಬಿದ್ದ ಕುರಿಗಳನ್ನೂ ಎಬ್ಬಿಸಿ ನಿಲ್ಲಿಸಿ, "ನೋಡಿದ್ಯಾ ತಂಗಿ, ಬೇಗ ಬಂದ್ರೆ ಒಂದೂ ಸಾಯಲ್ಲ" ಎಂದಿದ್ದರು. ಅವರ ತೋಳೆಲ್ಲ ಕುರಿಯ ಜೊಲ್ಲಾಗಿತ್ತು. ಅವತ್ತು ಮನೆಗೆ ಹೋಗಿ, ನಾನೂ ಇವರಂತಾಗಬೇಕು ಎಂದು ನಮ್ಮ ಅವ್ವನಿಗೆ ಹೇಳಿದ್ದೆ. ಜೀಪಿನ ವಿಷಯದಲ್ಲಿ ಸುಳ್ಳು ಹೇಳಿದ್ದನ್ನು ಎಂದಾದರೂ ಮರೆಯುತ್ತಿದ್ದೆನೋ ಏನೋ. ತಾನು ತಪ್ಪಿಸಿಕೊಳ್ಳಲು ತಾನೇ ಕಲಿಸಿದ್ದನ್ನು ಅವರು ಅಷ್ಟು ಸಲೀಸಾಗಿ ಕೈಬಿಟ್ಟರಲ್ಲ, ಅದು ನನ್ನಿಂದ ಸಹಿಸಲಾಗಲಿಲ್ಲ. ಟೀ ಕುಡಿಯದೆ ಎದ್ದೆ. ಅತ್ತಿಗೆ ಬಾಗಿಲವರೆಗೆ ಬಂದು ನನ್ನ ಕೈ ಹಿಡಿದುಕೊಂಡು, "ನಂಗ್ ಗೊತ್ತಿರ್ಲಿಲ್ಲ ಕಣಮ್ಮ, ನಿಂಗ್ ಹೇಳಿಲ್ಲ ಅಂತ" ಎಂದರು. ಅವರ ಮೇಲೆ ನನಗೆ ಕೋಪವಿರಲಿಲ್ಲ.

ಮುಂದಿನ ವಾರ ಹರಿಯಬ್ಬೆಯಾಚೆಗೆ ಹೋದೆ. ಮಂದೆ ಬೇರೆ ಹೊಲಕ್ಕೆ ಬಂದಿತ್ತು. ಅಕ್ಕ ಒಲೆ ಹೊತ್ತಿಸುತ್ತಿದ್ದಳು. ಅವಳ ಎದುರು ಕೂತು ನಡೆದದ್ದನ್ನೆಲ್ಲ ಹೇಳಿದೆ. ಸ್ವಿಚ್ಚು, ಆಂಪ್ಲಿಫೈಯರು ಅವಳಿಗೆ ಎಷ್ಟು ತಿಳಿಯಿತೋ. ಕೊನೆಯವರೆಗೆ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ಕೊಟ್ಟೋನಿಗೆ ಗೊತ್ತಿತ್ತಾ?"

"ಗೊತ್ತಿತ್ತಂತೆ."

"ನೀನ್ ಅಣ್ಣ ಅಂತಿದ್ದೆಯಲ್ಲ, ಆವಯ್ಯನೇ?"

ಹೌದೆಂದೆ. ಅವಳು ಒಲೆಗೆ ಎರಡು ಕಡ್ಡಿ ತುರುಕಿ, ಊದಿ, ಕಣ್ಣೊರೆಸಿಕೊಂಡಳು. ಆಮೇಲೆ ಮುದ್ದೆ ಉಂಡು ಹೋಗು ಎಂದಳು. ಉಂಡೆ. ಎದ್ದು ಹೊರಡುವಾಗ ಹೇಳಿದಳು: "ಬ್ಯಾಸರ ಮಾಡ್ಕಬ್ಯಾಡವ್ವ. ಧರ್ಮಪುರದ ಕಡೆ ಇನ್ನೊಬ್ಬ ಡಾಕ್ಟ್ರದ್ದು ನಂಬರ್ ಇಸ್ಕಂಡೀವಿ. ಇನ್ಮ್ಯಾಲೆ ಇಬ್ರಿಗೂ ಫೋನ್ ಮಾಡ್ತೀವಿ." ಅದು ಸರಿಯೇ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಆದರೂ ಜೀಪಿನವರೆಗೆ ನಡೆದು ಬರುವಾಗ ಒಮ್ಮೆ ತಿರುಗಿ ನೋಡಿದೆ.

ಜೀಪಿಗೆ ಆಮೇಲೆ ಏನೂ ಆಗಿಲ್ಲ. ವಾರಗಟ್ಟಲೆ ನಿಂತರೂ ಒಂದೇ ತಿರುವಿಗೆ ಏಳುತ್ತದೆ.

ಅಣ್ಣನನ್ನು ಮತ್ತೆ ನೋಡಿದ್ದು ಚಿತ್ರದುರ್ಗದಲ್ಲಿ, ನಮ್ಮ ಇಲಾಖೆಯವರೊಬ್ಬರ ಬೀಳ್ಕೊಡುಗೆಯ ದಿನ. ಅವರು ನಾಲ್ಕೈದು ಜನರ ನಡುವೆ ನಿಂತು ಮಾತಾಡುತ್ತಿದ್ದರು. ನನ್ನನ್ನು ಕಂಡವರೇ ಕೈಯೆತ್ತಿ ಕರೆದರು. "ಇವಳು ನನ್ ತಂಗಿ. ನಾನೇ ಕೆಲಸ ಕಲಿಸಿದ್ದು. ನನ್ ಜೀಪ್ನೇ ಇವತ್ತಿಗೂ ಓಡಿಸ್ತಾಳೆ" ಎಂದು ಅವರಿಗೆಲ್ಲ ಹೇಳಿ, "ಹೆಂಗೈತಮ್ಮ ಗಾಡಿ?" ಎಂದು ಕೇಳಿದರು. ಮುಖದಲ್ಲಿ ಹಳೆಯ ನಗು ಹಾಗೇ ಇತ್ತು. ಅದು ನಾಟಕವಲ್ಲ ಎಂದು ನನಗೆ ಗೊತ್ತಿತ್ತು. ಅವರಿಗೆ ನಿಜವಾಗಿಯೂ ನನ್ನ ಮೇಲೆ ಪ್ರೀತಿಯಿತ್ತು. ಅದು ಗೊತ್ತಿದ್ದದ್ದೇ ಹೆಚ್ಚು ನೋಯಿಸಿತು. "ಚೆನ್ನಾಗೈತೆ ಸರ್" ಎಂದೆ. ಆ ಸರ್ ಉಳಿದವರ ಕಿವಿಗೆ ಬಿದ್ದಿರಲಾರದು, ಅವರಿಗೆ ಬಿತ್ತು. ನಗು ಒಂದು ಕ್ಷಣ ನಿಂತಿತು. ಆಮೇಲೆ ಅವರು ಬೇರೆಯವರ ಕಡೆ ತಿರುಗಿದರು. ಊಟಕ್ಕೆ ನಾನು ಇನ್ನೊಂದು ಸಾಲಿನಲ್ಲಿ ಕೂತೆ.

ಅವರ ನಂಬರು ನನ್ನ ಫೋನಿನಲ್ಲಿ ಈಗಲೂ 'ಅಣ್ಣ' ಎಂದೇ ಇದೆ. ಬದಲಾಯಿಸಬೇಕೆಂದು ಎರಡು ಸಲ ತೆರೆದೆ. ಅಲ್ಲಿ ಏನೆಂದು ಬರೆಯುವುದು ಎಂದು ತಿಳಿಯದೆ ಮುಚ್ಚಿಟ್ಟೆ.